ಟೀಚರಮ್ಮನ ಖಾತೆ ಪುಸ್ತಕ

ನನ್ನ ಓದುವ ಮೇಜಿನ ಮೇಲೆ, ನಿಘಂಟುಗಳ ಸಾಲಿನಲ್ಲಿ, ಅವುಗಳೊಡನೆ ಸ್ವಲ್ಪವೂ ಹೊಂದದ ಒಂದು ಪುಸ್ತಕವಿದೆ. ಕೆಂಪು ಬಟ್ಟೆಯ ರಟ್ಟು, ನೀಳವಾದ ಹಾಳೆಗಳು. ದಿನಸಿ ಅಂಗಡಿಯವರು ಉದ್ದರಿ ಬರೆದಿಡುವಂಥ ಖಾತೆ ಪುಸ್ತಕ ಅದು. ಮನೆಗೆ ಬಂದ ವಿದ್ಯಾರ್ಥಿಗಳು ಅದನ್ನು ಕಂಡು, ‘ಇದೇನು ಸಾರ್, ಯಾರ ಸಾಲದ ಲೆಕ್ಕ?’ ಎಂದು ಕೇಳುವುದುಂಟು. ಅವರು ವಿನೋದಕ್ಕೆಂದು ಕೇಳುವ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ನಾನು ನನ್ನ ಊರಿಗೆ, ನನ್ನ ಬಾಲ್ಯಕ್ಕೆ, ಮತ್ತು ನಾನು ಮಾಡಿದ ಒಂದು ತಪ್ಪಿಗೆ ಹಿಂತಿರುಗಬೇಕಾಗುತ್ತದೆ.

ನಮ್ಮದು ಕಡೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮಳೆಯನ್ನೇ ನಂಬಿದ ರಾಗಿಯ ಹೊಲಗಳು, ಅಲ್ಲಲ್ಲಿ ತೆಂಗಿನ ತೋಟಗಳು. ಪಡುವಣ ದಿಕ್ಕಿಗೆ ಬಾಬಾಬುಡನ್ ಗಿರಿಯ ಸಾಲು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದರೂ ಅದರ ಮಳೆ ಮಾತ್ರ ನಮ್ಮಿಂದ ದೂರ. ಊರಿನ ಪ್ರಾಥಮಿಕ ಶಾಲೆಗೆ ಎರಡು ಕೊಠಡಿ, ನಾಲ್ಕು ತರಗತಿ. ಅಲ್ಲಿ ನಮಗೆ ಅಕ್ಷರ ಕಲಿಸಿದವರನ್ನು ಊರೆಲ್ಲ ‘ಟೀಚರಮ್ಮ’ ಎಂದು ಕರೆಯುತ್ತಿತ್ತು. ಅವರಿಗೆ ತಂದೆತಾಯಿಗಳು ಇಟ್ಟ ಹೆಸರೊಂದಿತ್ತು. ಸಂಬಳದ ಪಟ್ಟಿಯ ಹೊರಗೆ ಅದನ್ನು ಬಳಸಿದವರನ್ನು ನಾನು ಕಾಣೆ. ಇಲ್ಲಿಯೂ ನಾನು ಊರಿನ ಪದ್ಧತಿಯನ್ನೇ ಅನುಸರಿಸುತ್ತೇನೆ.

೧೯೮೮ರಲ್ಲಿ ನಾನು ನಾಲ್ಕನೆಯ ತರಗತಿಗೆ ಬಂದಾಗ ಅವರಿಗೆ ಐವತ್ತು ದಾಟಿತ್ತು. ಕುಳ್ಳನೆಯ ದೇಹ, ದಪ್ಪ ಚೌಕಟ್ಟಿನ ಕನ್ನಡಕ, ಸದಾ ಇಸ್ತ್ರಿಯಿಲ್ಲದ ಹತ್ತಿಯ ಸೀರೆ. ಬೆತ್ತವನ್ನು ಅವರು ಮುಟ್ಟಿದ್ದನ್ನು ನಾನು ನೋಡಿಲ್ಲ. ಆದರೆ ಉಕ್ತಲೇಖನದ ಗಂಟೆಯಲ್ಲಿ ನಾವೆಲ್ಲ ನಡುಗುತ್ತಿದ್ದೆವು. ಅದಕ್ಕೆ ಕಾರಣ ಚಂದ್ರಹಾಸನ ಕಥೆ.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಈ ಕಥೆ ವಾಚಕರಿಗೆ ತಿಳಿದದ್ದೇ. ದುಷ್ಟಬುದ್ಧಿಯೆಂಬ ಮಂತ್ರಿ ಚಂದ್ರಹಾಸನ ಕೈಯಲ್ಲೇ ಅವನ ಮರಣದ ಓಲೆಯನ್ನು ಕೊಟ್ಟು ತನ್ನ ಮಗ ಮದನನ ಬಳಿಗೆ ಕಳುಹಿಸುತ್ತಾನೆ; ಬಂದವನಿಗೆ ವಿಷವನ್ನು ಕೊಡಬೇಕೆಂಬುದು ಓಲೆಯ ಒಕ್ಕಣೆ. ದಾರಿಯ ಉಪವನದಲ್ಲಿ ಮಲಗಿ ನಿದ್ರಿಸುತ್ತಿದ್ದ ಆ ತರುಣನನ್ನು ಮಂತ್ರಿಯ ಮಗಳು ವಿಷಯೆ ಕಾಣುತ್ತಾಳೆ. ಓಲೆಯನ್ನು ಓದಿ, ತಂದೆ ಬರೆಯುವಾಗ ತಪ್ಪಿರಬೇಕೆಂದು ಬಗೆದು, ‘ವಿಷವ’ ಎಂದಿದ್ದುದನ್ನು ‘ವಿಷಯೆಯ’ ಎಂದು ತಿದ್ದುತ್ತಾಳೆ. ಕೊಲೆಯ ಓಲೆ ಮದುವೆಯ ಓಲೆಯಾಗುತ್ತದೆ. ಇಷ್ಟನ್ನು ಹೇಳಿ ಟೀಚರಮ್ಮ ನಮ್ಮ ಸ್ಲೇಟುಗಳ ಕಡೆಗೆ ಬೆರಳು ತೋರಿಸುವರು: ‘ನೋಡ್ರಪ್ಪಾ, ಅಕ್ಷರ ತಿದ್ದಿದ್ದರಿಂದ ಒಬ್ಬನ ಪ್ರಾಣ ಉಳೀತು. ನಿಮ್ಮ ಸ್ಲೇಟಿನಲ್ಲಿ ಯಾರ ಪ್ರಾಣ ಇದೆಯೋ ಯಾರಿಗೆ ಗೊತ್ತು? ಸರಿಯಾಗಿ ಬರೀರಿ.’ ನಾವು ಉಸಿರು ಬಿಗಿಹಿಡಿದು ಬರೆಯುತ್ತಿದ್ದೆವು. ದೀರ್ಘವನ್ನು ಮರೆತ ದಿನ ನನಗೆ ರಾತ್ರಿ ನಿದ್ರೆ ಬರುತ್ತಿರಲಿಲ್ಲ.

ಲಕ್ಷ್ಮೀಶನು ಅವರಿಗೆ ಪಾಠದ ಕವಿ ಮಾತ್ರವಾಗಿರಲಿಲ್ಲ, ನೆರೆಯವನೂ ಆಗಿದ್ದನು. ಅವನ ಕಾವ್ಯದ ದೇವಪುರವು ನಮ್ಮ ತಾಲ್ಲೂಕಿನ ದೇವನೂರೇ ಎಂಬುದು ನಮ್ಮ ಕಡೆಯವರ ದೃಢವಾದ ನಂಬಿಕೆ. ಸುರಪುರದ ಕಡೆಯ ದೇವಪುರವೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಒಮ್ಮೆ ಟೀಚರಮ್ಮ ನಮ್ಮನ್ನೆಲ್ಲ ದೇವನೂರಿಗೆ ಕರೆದುಕೊಂಡು ಹೋಗಿ ಲಕ್ಷ್ಮೀರಮಣನ ಗುಡಿಯ ಮುಂದೆ ಕೂರಿಸಿ, ಬುತ್ತಿಯ ಗಂಟು ಬಿಚ್ಚುವ ಮೊದಲು ಕಾವ್ಯದ ಗಂಟು ಬಿಚ್ಚಿದರು. ಸುರಪುರದವರ ವಾದವನ್ನೂ ಅಲ್ಲೇ ತಿಳಿಸಿದರು. ‘ಹಾಗಾದರೆ ಯಾವುದು ನಿಜ?’ ಎಂದು ಯಾರೋ ಕೇಳಿದಾಗ, ‘ಎರಡು ಊರಿನವರು ನಮ್ಮವನು ನಮ್ಮವನು ಅಂತ ಎಳೆದಾಡೋ ಹಾಗೆ ಬದುಕಿದನಲ್ಲ, ಅದು ನಿಜ’ ಎಂದು ನಕ್ಕರು. ವಿದ್ವತ್ತಿನ ಜಗಳಗಳ ಬಗ್ಗೆ ಅದಕ್ಕಿಂತ ಹಿತವಾದ ತೀರ್ಪನ್ನು ನಾನು ಮುಂದೆ ಯಾವ ಗೋಷ್ಠಿಯಲ್ಲಿಯೂ ಕೇಳಲಿಲ್ಲ.

ಛಂದಸ್ಸಿನ ಲೆಕ್ಕವನ್ನು ನಾನು ಕಲಿತದ್ದು ಕಾಲೇಜಿನಲ್ಲಿ. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುತ್ತವೆ. ಪದ್ಯಕ್ಕೆ ಒಟ್ಟು ೧೦೨ ಮಾತ್ರೆ. ವಾರ್ಧಕದಲ್ಲಿ ಐದೈದು ಮಾತ್ರೆಗಳ ಗಣಗಳು; ಒಟ್ಟು ೧೪೪. ಆದರೆ ಆ ಛಂದಸ್ಸುಗಳ ನಡಿಗೆ ನನ್ನ ಕಾಲಿಗೆ ಹತ್ತಿದ್ದು ಆ ಎರಡು ಕೊಠಡಿಯ ಶಾಲೆಯ ಅಂಗಳದಲ್ಲಿ. ಟೀಚರಮ್ಮ ನಮ್ಮನ್ನು ಸಾಲಾಗಿ ನಿಲ್ಲಿಸಿ, ಮೂರು ಹೆಜ್ಜೆಗೊಮ್ಮೆ, ಮತ್ತೆ ನಾಲ್ಕು ಹೆಜ್ಜೆಗೊಮ್ಮೆ ಚಪ್ಪಾಳೆ ತಟ್ಟಿಸಿ ನಡೆಸುತ್ತಿದ್ದರು. ಅದು ಕುಮಾರವ್ಯಾಸನ ನಡಿಗೆ. ಐದೈದು ಹೆಜ್ಜೆಗಳದು ಲಕ್ಷ್ಮೀಶನ ನಡಿಗೆ. ‘ಗಣ’ ಎಂಬ ಶಬ್ದವನ್ನು ಅವರು ಎತ್ತಲೇ ಇಲ್ಲ. ಇಂದು ತರಗತಿಯಲ್ಲಿ ಕರಿಹಲಗೆಯ ಮೇಲೆ ಪ್ರಸ್ತಾರ ಹಾಕುವಾಗ ನನ್ನ ಕಾಲು ಮೇಜಿನ ಕೆಳಗೆ ತಾನಾಗಿ ಹೆಜ್ಜೆ ಎಣಿಸುತ್ತಿರುತ್ತದೆ.

ಆ ವರ್ಷವೇ, ೧೯೮೮ರ ಅಕ್ಟೋಬರಿನಲ್ಲಿ, ದೂರದರ್ಶನದಲ್ಲಿ ಮಹಾಭಾರತ ಧಾರಾವಾಹಿ ಪ್ರಾರಂಭವಾಯಿತು. ಊರಿಗೆಲ್ಲ ಇದ್ದದ್ದು ಒಂದೇ ಟೆಲಿವಿಷನ್. ಭಾನುವಾರ ಬೆಳಿಗ್ಗೆ ಆ ಮನೆಯ ಪಡಸಾಲೆಯಲ್ಲಿ ಕಾಲಿಡಲು ಸ್ಥಳವಿರುತ್ತಿರಲಿಲ್ಲ. ಹಿಂದಿ ಯಾರಿಗೂ ಬಾರದು. ಚಿತ್ರವನ್ನು ನೋಡಿ, ಮಾತನ್ನು ಊಹಿಸಿ, ಜನ ಮನೆಗೆ ಹೋಗುತ್ತಿದ್ದರು. ಟೀಚರಮ್ಮ ಇದನ್ನು ಎರಡು ವಾರ ನೋಡಿದರು. ಮೂರನೆಯ ಭಾನುವಾರದ ಸಂಜೆ ತಮ್ಮ ಮನೆಯ ಜಗಲಿಯ ಮೇಲೆ ದೀಪವಿಟ್ಟು, ಗದುಗಿನ ಭಾರತವನ್ನು ತೆರೆದು, ಬೆಳಿಗ್ಗೆ ನೋಡಿದ ಭಾಗವನ್ನೇ ಕನ್ನಡದಲ್ಲಿ ವಾಚಿಸಿ ಅರ್ಥ ಹೇಳತೊಡಗಿದರು. ಮೊದಲ ದಿನ ಆರೇಳು ಜನ; ಕೆಲವು ವಾರಗಳಲ್ಲಿ ಜಗಲಿ ಸಾಲದೆ ಬೀದಿಯಲ್ಲಿ ಕಂಬಳಿ ಹಾಸಿ ಕುಳಿತರು. ಧಾರಾವಾಹಿ ಮುಗಿದು ಹೋಯಿತು. ಭಾನುವಾರದ ಓದು ನಿಲ್ಲಲಿಲ್ಲ. ಅವರು ನಿವೃತ್ತರಾದ ಮೇಲೂ ಸುಮಾರು ಇಪ್ಪತ್ತು ವರ್ಷ ನಡೆಯಿತು.

ಊರಿನಲ್ಲಿ ಪುಸ್ತಕಭಂಡಾರವಿರಲಿಲ್ಲ. ಟೀಚರಮ್ಮನ ಮನೆಯ ಎರಡು ಕಬ್ಬಿಣದ ಪೆಟ್ಟಿಗೆಗಳೇ ನಮ್ಮ ಭಂಡಾರ. ತೆಗೆದುಕೊಂಡು ಹೋದವರ ಲೆಕ್ಕವನ್ನು ಈ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಅದರಲ್ಲಿ ಪುಸ್ತಕದ ಹೆಸರು, ಕೊಟ್ಟ ದಿನ, ಹಿಂದೆ ಬಂದ ದಿನ, ಇವಲ್ಲದೆ ಇನ್ನೆರಡು ಕಲಂಗಳಿದ್ದವು: ‘ಓದಿದವರು’, ‘ಕೇಳಿದವರು’. ಓದಲು ಬಾರದ ಮನೆಗಳಿಗೆ ಅವರು ಮೊದಲು ಪುಸ್ತಕ ಕೊಡುತ್ತಿದ್ದರು. ಆ ಮನೆಯ ಅಥವಾ ನೆರೆಮನೆಯ ಶಾಲೆಯ ಮಗು ಅದನ್ನು ರಾತ್ರಿ ಗಟ್ಟಿಯಾಗಿ ಓದಬೇಕು, ಹಿರಿಯರು ಕೇಳಬೇಕು. ಪುಸ್ತಕ ಹಿಂದಿರುಗಿಸುವಾಗ ಮಗುವಿನ ಹೆಸರು ಒಂದು ಕಲಂನಲ್ಲಿ, ಅಜ್ಜಿಯ ಹೆಸರು ಇನ್ನೊಂದರಲ್ಲಿ.

ಹಾಗೆ ನಾನು ಓದಿದ ಪುಸ್ತಕಗಳಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವೂ ಒಂದು. ೧೯೭೬ರಲ್ಲಿ ಪ್ರಕಟವಾದ ಆ ಕಾದಂಬರಿ ಬಾಲ್ಯದಲ್ಲೇ ವಿಧವೆಯಾದ ಹೆಣ್ಣೊಬ್ಬಳ ದೀರ್ಘವಾದ ಬಾಳಿನ ಕಥೆ. ನಮ್ಮ ಬೀದಿಯಲ್ಲಿ ಕೆಂಪು ಸೀರೆಯ, ಮುಡಿ ತೆಗೆಸಿದ ಒಬ್ಬ ಮುದುಕಿಯಿದ್ದರು. ಹಗಲಿನಲ್ಲಿ ಹೊರಗೆ ಕಾಣಿಸಿಕೊಳ್ಳುತ್ತಿದ್ದುದೇ ಕಡಮೆ. ಟೀಚರಮ್ಮ ನನ್ನ ಕೈಗೆ ಪುಸ್ತಕ ಕೊಟ್ಟು ಅವರ ಮನೆಗೆ ಕಳುಹಿಸಿದರು. ಹದಿನಾಲ್ಕು ವರ್ಷದ ನನಗೆ ಅದರ ಭಾರ ಪೂರ್ತಿ ತಿಳಿಯದು; ಒಂಬತ್ತು ರಾತ್ರಿ ಓದಿ ಮುಗಿಸಿದೆ. ಆಕೆ ಒಂದು ದಿನವೂ ನಡುವೆ ಮಾತನಾಡಲಿಲ್ಲ. ಕೊನೆಯ ದಿನ ಪುಸ್ತಕವನ್ನು ಕೈಗೆ ತೆಗೆದುಕೊಂಡು, ರಕ್ಷಾಪುಟವನ್ನು ಸೆರಗಿನಿಂದ ಒರೆಸಿ, ‘ನಮ್ಮಂಥೋರ ಕಥೇನೂ ಅಚ್ಚು ಹಾಕ್ತಾರೇನಪ್ಪಾ?’ ಎಂದರು. ನಾನು ಹೋಗಿ ಇದನ್ನು ಹೇಳಿದಾಗ ಟೀಚರಮ್ಮ ಏನೂ ಅನ್ನದೆ ಖಾತೆ ಪುಸ್ತಕ ತೆರೆದು ‘ಕೇಳಿದವರು’ ಎಂಬಲ್ಲಿ ಆಕೆಯ ಪೂರ್ಣ ಹೆಸರನ್ನು ಬರೆದರು. ಆ ಮುದುಕಿಗೆ ಅಷ್ಟು ಚೆಂದದ ಹೆಸರಿತ್ತೆಂದು ನನಗೆ ಗೊತ್ತಾದದ್ದು ಆಗಲೇ.

ಟೀಚರಮ್ಮ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪರೀಕ್ಷೆಗಳೇ ಅವರ ವಿಶ್ವವಿದ್ಯಾನಿಲಯ. ನೌಕರಿಯಲ್ಲಿದ್ದಾಗಲೇ ‘ಕಾವ’, ‘ಜಾಣ’ ಪರೀಕ್ಷೆಗಳನ್ನು ಮುಗಿಸಿದ್ದರು. ೧೯೯೫ರಲ್ಲಿ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುತ್ತಿದ್ದಾಗ, ನಿವೃತ್ತರಾಗಿದ್ದ ಅವರು ‘ರತ್ನ’ಕ್ಕೆ ಓದುತ್ತಿದ್ದರು. ಒಂದೇ ಲಾಂದ್ರದ ಎರಡು ಪಕ್ಕದಲ್ಲಿ ನಾವಿಬ್ಬರು ಪರೀಕ್ಷಾರ್ಥಿಗಳು. ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣವು ೧೯೯೧ರಲ್ಲಿ ಆರಂಭವಾದಂದಿನಿಂದ ಅದನ್ನು ಕತ್ತರಿಸಿ ಅಂಟಿಸಿಟ್ಟುಕೊಳ್ಳುವುದು ಅವರ ವ್ರತವಾಗಿತ್ತು. ಒಂದು ಶಬ್ದದ ಅರ್ಥ ತಿಳಿದ ದಿನ ಅವರ ಮುಖದಲ್ಲಿ ಕಾಣುತ್ತಿದ್ದ ಸಂತೋಷವನ್ನು ನಾನು ಸಂಬಳದ ದಿನವೂ ಕಂಡಿರಲಿಲ್ಲ.

ಇನ್ನು ನನ್ನ ತಪ್ಪಿನ ಮಾತು.

೨೦೦೧ರ ಸಂಕ್ರಾಂತಿ ಭಾನುವಾರ ಬಂದಿತ್ತು. ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮೊದಲ ವರ್ಷದಲ್ಲಿ ಓದುತ್ತಿದ್ದು ಹಬ್ಬಕ್ಕೆ ಊರಿಗೆ ಬಂದಿದ್ದೆ. ಸಂಜೆ ಜಗಲಿಯಲ್ಲಿ ಸುಗ್ಗಿಯ ಹಬ್ಬಕ್ಕೆ ತಕ್ಕಂತೆ ಸರ್ವಜ್ಞನ ಓದು. ಬೇಸಾಯವನ್ನು ‘ಮೇಟಿ ವಿದ್ಯೆ’ಯೆಂದು ಕರೆದ ಮಾತು ಬಂತು. ಟೀಚರಮ್ಮ ವಿವರಿಸಿದರು: ‘ಮೇಟಿ ಅಂದರೆ ಕಣದ ನಡುವೆ ನೆಡುವ ಕಂಬ. ಎತ್ತುಗಳು ತೆನೆ ತುಳಿಯುತ್ತಾ ಅದರ ಸುತ್ತ ತಿರುಗುತ್ತವೆ. ಹಾಗೆಯೇ ಲೋಕದ ವಿದ್ಯೆಗಳೆಲ್ಲ ಬೇಸಾಯದ ಸುತ್ತ ತಿರುಗುತ್ತವೆ. ಈ ಅರ್ಥವನ್ನು ನನಗೆ ಹೇಳಿಕೊಟ್ಟವರು ಇಲ್ಲೇ ಕುಳಿತಿದ್ದಾರೆ’ ಎಂದು ಬೀದಿಯ ಅಂಚಿನಲ್ಲಿ ಕಂಬಳಿಯ ಮೇಲೆ ಕುಳಿತಿದ್ದ ಒಬ್ಬ ಹಿರಿಯ ರೈತರ ಕಡೆಗೆ ಕೈ ತೋರಿದರು. ಎಲ್ಲರೂ ತಿರುಗಿ ನೋಡಿದರು. ಅಜ್ಜ ನಾಚಿಕೊಂಡು ಟವಲಿನಿಂದ ಮುಖ ಒರೆಸಿಕೊಂಡರು.

ಆಗ ನಾನು, ‘ಅಲ್ಲ ಟೀಚರಮ್ಮ’ ಎಂದೆ. ‘ಮೇಟಿ ಅಂದರೆ ನೇಗಿಲಿನ ಹಿಡಿ. ಕಣದ ಕಂಬ ಅನ್ನುವುದು ಹಳ್ಳಿಯವರ ಊಹೆ.’

ಇಪ್ಪತ್ತೆರಡರ ವಯಸ್ಸು, ಹೊಸದಾಗಿ ಕಲಿತ ವಿದ್ಯೆ, ಸಭೆಯಲ್ಲಿ ಊರಿನವರೆಲ್ಲ ಇದ್ದಾರೆ. ಇವು ಮೂರೂ ಸೇರಿದಾಗ ಮನುಷ್ಯನ ಬಾಯಿಂದ ಎಂಥ ಮಾತು ಬರುತ್ತದೆಂಬುದಕ್ಕೆ ಅದು ನಿದರ್ಶನ. ಟೀಚರಮ್ಮ ಕನ್ನಡಕವನ್ನು ತೆಗೆದು ಮತ್ತೆ ಹಾಕಿಕೊಂಡರು. ‘ಹೌದೇನಪ್ಪಾ? ಬಹಳ ಒಳ್ಳೆಯದಾಯಿತು. ಬರೆದುಕೊಳ್ಳುತ್ತೇನೆ’ ಎಂದರು. ಅವರ ಧ್ವನಿಯಲ್ಲಿ ನೋವಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ಓದು ಮುಂದುವರಿಯಿತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಜ್ಜ ಕುಳಿತಿದ್ದ ಸ್ಥಳ ಬರಿದಾಗಿತ್ತು. ಕಂಬಳಿಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಿದ್ದ ಅವರ ಬೆನ್ನು ಬೀದಿಯ ತಿರುವಿನಲ್ಲಿ ಕಂಡಿತು. ನಾನು ಅದಕ್ಕೆ ವಿಶೇಷ ಗಮನ ಕೊಡಲಿಲ್ಲ. ನನ್ನ ಮನಸ್ಸು ನನ್ನ ಜಯದಲ್ಲಿತ್ತು.

ಮುಂದೆ ನಾನು ಅಧ್ಯಾಪಕನಾದೆ. ಊರಿಗೆ ಹೋದಾಗಲೆಲ್ಲ ಟೀಚರಮ್ಮನನ್ನು ಕಂಡು ಬರುತ್ತಿದ್ದೆ; ಅಚ್ಚಾದ ನನ್ನ ಲೇಖನಗಳನ್ನು ಕೊಡುತ್ತಿದ್ದೆ. ಕಣ್ಣು ಮಂಜಾದ ಮೇಲೆ ಅವುಗಳನ್ನು ನನ್ನಿಂದಲೇ ಓದಿಸಿ ಕೇಳುತ್ತಿದ್ದರು. ಮುಗಿದ ಮೇಲೆ ಪ್ರತಿ ಸಲವೂ ಒಂದೇ ಪ್ರಶ್ನೆ: ‘ಇದಕ್ಕೆ ಯಾರನ್ನು ಕೇಳಿದೆಯಪ್ಪಾ?’ ನಾನು ನೋಡಿದ ಗ್ರಂಥಗಳ ಹೆಸರನ್ನು ಹೇಳುತ್ತಿದ್ದೆ. ‘ಗ್ರಂಥ ನೋಡಿದ್ದೀಯೆ, ಸಂತೋಷ. ಯಾರನ್ನು ಕೇಳಿದೆ?’ ವಯಸ್ಸಾದವರು ಕೇಳಿದ್ದನ್ನೇ ಮತ್ತೆ ಕೇಳುತ್ತಾರೆಂದು ನಾನು ಭಾವಿಸಿದೆ.

೨೦೧೭ರಲ್ಲಿ ಅವರು ತೀರಿಕೊಂಡರು. ಅವರ ಸೋದರಳಿಯ ನನ್ನನ್ನು ಕರೆಸಿ ಎರಡು ಪೆಟ್ಟಿಗೆಗಳನ್ನು ತೋರಿಸಿ, ‘ಇವು ನಿಮ್ಮಂಥವರ ಹತ್ತಿರ ಇದ್ದರೆ ಅತ್ತೆಗೆ ಸಮಾಧಾನ’ ಎಂದರು. ಹುಳು ಹಿಡಿದ ಪುಸ್ತಕಗಳ ಮೇಲೆ ಈ ಖಾತೆ ಪುಸ್ತಕವಿತ್ತು. ರಾತ್ರಿ ಕುಳಿತು ತಿರುವಿ ಹಾಕಿದೆ. ಬಾಲ್ಯದಲ್ಲಿ ಕಂಡಿದ್ದ ಪುಸ್ತಕಗಳ ಲೆಕ್ಕ ಅರ್ಧಕ್ಕೆ ನಿಂತಿತ್ತು. ಕೊನೆಯ ಹಾಳೆಗಳಲ್ಲಿಯೂ ಬರೆಹವಿದ್ದಂತೆ ತೋರಿ, ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದೆ. ಅಲ್ಲಿ ಇನ್ನೊಂದು ಲೆಕ್ಕವಿತ್ತು. ಮುಂದಿನಿಂದ ಅವರು ಕೊಟ್ಟದ್ದು. ಹಿಂದಿನಿಂದ ಅವರು ಪಡೆದದ್ದು. ನಾಲ್ಕು ಕಲಂಗಳು: ಶಬ್ದ, ಅರ್ಥ, ಕೊಟ್ಟವರು, ದಿನಾಂಕ.

ವಚನಕಾರರು ಬಗೆಬಗೆಯ ಕಾಯಕದವರು. ಜೇಡರ ದಾಸಿಮಯ್ಯ ನೇಯುವವನು, ಅಂಬಿಗರ ಚೌಡಯ್ಯ ದೋಣಿ ನಡೆಸುವವನು, ಮೋಳಿಗೆಯ ಮಾರಯ್ಯ ಸೌದೆಯ ಹೊರೆ ಹೊರುವವನು. ಅವರ ಮಾತು ತಿಳಿಯಬೇಕಾದರೆ ಅವರ ಕೆಲಸ ತಿಳಿಯಬೇಕೆಂದು ನಾವು ಉಪನ್ಯಾಸಗಳಲ್ಲಿ ಹೇಳುತ್ತೇವೆ. ಟೀಚರಮ್ಮ ಹೋಗಿ ಕೇಳಿದ್ದರು. ‘ತಿದಿ’ ಎಂಬುದರ ಎದುರಿಗೆ ಕುಲುಮೆಯ ಆಚಾರಿಯ ಹೆಸರು. ಚರ್ಮದ ಆ ಗಾಳಿಚೀಲವನ್ನು ಒತ್ತುವ, ಬಿಡುವ ಕ್ರಮವೆಲ್ಲ ಅಲ್ಲಿದೆ. ‘ತಿಗುರಿ’, ‘ಆವಿಗೆ’ ಎಂಬುವುಗಳ ಎದುರಿಗೆ ಕುಂಬಾರಗಿತ್ತಿಯೊಬ್ಬಳ ಹೆಸರು. ಆವಿಗೆಯಲ್ಲಿ ಮಡಕೆಗಳನ್ನು ಜೋಡಿಸುವ ಒಂದು ಚಿತ್ರವೂ ಇದೆ. ‘ಲಾಳಿ’, ‘ಕೂರಿಗೆ’, ‘ಮಿಣಿ’: ಒಂದೊಂದರ ಮುಂದೆಯೂ ನಮ್ಮೂರಿನ, ನೆರೆಯೂರಿನ ಒಬ್ಬೊಬ್ಬರು. ಬಹುಮಂದಿ ಸಹಿ ಹಾಕಲು ಬಾರದವರು. ಪುಟ ತಿರುವುತ್ತ ತಿರುವುತ್ತ ನನಗೆ ಯಾವ ಸಾಲು ಎದುರಾಗುವುದೆಂದು ತಿಳಿದುಹೋಗಿತ್ತು; ಆದರೂ ಕೈ ನಿಲ್ಲಲಿಲ್ಲ.

‘ಮೇಟಿ. ಕಣದ ನಡುಗಂಬ’: ಎದುರಿಗೆ ಆ ಅಜ್ಜನ ಹೆಸರು. ಕೆಳಗಿನ ಸಾಲಿನಲ್ಲಿ, ‘ಮೇಟಿ. ನೇಗಿಲಿನ ಹಿಡಿ’: ಎದುರಿಗೆ ನನ್ನ ಹೆಸರು, ‘ಎಂ.ಎ. ವಿದ್ಯಾರ್ಥಿ’ ಎಂಬ ವಿಶೇಷಣ, ದಿನಾಂಕ ೧೪-೧-೨೦೦೧. ಅದರ ಕೆಳಗೆ ಬೇರೆ ಶಾಯಿಯಲ್ಲಿ: ‘ನಿಘಂಟು ನೋಡಿದೆ. ಎರಡೂ ಇವೆ. ಇಬ್ಬರೂ ಸರಿ. ಅಜ್ಜನಿಗೆ ಹೇಳಬೇಕು.’

ನಾನು ಮರುದಿನವೇ ಆ ಅಜ್ಜನ ಮನೆಗೆ ಹೋದೆ. ಅವರು ತೀರಿಕೊಂಡು ಹಲವು ವರ್ಷಗಳಾಗಿದ್ದವು. ಮಗ ನೆನಪು ಮಾಡಿಕೊಂಡು ಹೇಳಿದರು: ‘ಹೂಂ, ಇನ್ನು ಓದು ಕೇಳಕ್ಕೆ ಹೋಗಲ್ಲ ಅಂದಿದ್ರು ಅಪ್ಪ. ವಾರದೊಳಗೆ ಟೀಚರಮ್ಮ ಮನೆಗೇ ಬಂದ್ರು. ನಿಮ್ಮ ಮಾತು ದೊಡ್ಡ ಪುಸ್ತಕದಾಗೂ ಐತೆ ಅಂತ ಹೇಳಿ, ತಮ್ಮ ಪುಸ್ತಕ ತೆಗೆದು ತೋರಿಸಿದ್ರು. ಅಪ್ಪಂಗೆ ಓದಕ್ಕೆ ಬರ್ತಿರ್ಲಿಲ್ಲ. ಆದ್ರೂ ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದ್ರು. ಆಮೇಲೆ ಸಾಯೋವರೆಗೂ ಒಂದು ಭಾನುವಾರಾನೂ ತಪ್ಪಿಸಲಿಲ್ಲ.’

ಅಜ್ಜನಿಗೆ ಹೇಳಿದವರು ನನಗೇಕೆ ಹೇಳಲಿಲ್ಲ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಈಗ ಉತ್ತರ ತಿಳಿದಿದೆಯೆಂದು ಭಾವಿಸಿದ್ದೇನೆ. ಅವರು ಹದಿನಾರು ವರ್ಷ ನನಗೆ ಹೇಳುತ್ತಲೇ ಇದ್ದರು, ‘ಯಾರನ್ನು ಕೇಳಿದೆಯಪ್ಪಾ?’ ಎಂಬುದು ಬೇರೆ ಏನು? ಅಜ್ಜನಿಗೆ ಬೇಕಾದದ್ದು ಉತ್ತರ, ಕೊಟ್ಟರು. ನನಗೆ ಬೇಕಾದದ್ದು ಪ್ರಶ್ನೆ ಕೇಳುವ ಅಭ್ಯಾಸ. ಅದನ್ನು ಬೇರೊಬ್ಬರು ಕೈಯಲ್ಲಿ ಎತ್ತಿ ಕೊಡುವಂತಿಲ್ಲ.

ನಮ್ಮೂರಿನಲ್ಲಿ ಈಗ ಮೇಟಿಗಂಬವಿಲ್ಲ. ಸುಗ್ಗಿಯಲ್ಲಿ ರಾಗಿಯ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಲಾರಿ ಬಸ್ಸುಗಳು ತುಳಿದುಕೊಡುತ್ತವೆ. ಉಳಿದವರಿಗೆ ಒಕ್ಕುವ ಯ೦ತ್ರ ಬಂದಿದೆ. ರೈತನ ಬೆನ್ನಿನ ಭಾರ ಕಡಮೆಯಾದುದಕ್ಕೆ ದುಃಖಿಸುವವನು ನಾನಲ್ಲ. ಆದರೆ ವಸ್ತು ಹೋದ ಮೇಲೆ ಶಬ್ದವನ್ನು ಯಾರಾದರೂ ಕೇಳಿ ಇಟ್ಟುಕೊಳ್ಳದಿದ್ದರೆ ಅದೂ ಹೋಗುತ್ತದೆ. ಶಬ್ದ ಹೋದ ಮೇಲೆ ಸರ್ವಜ್ಞನ ಮಾತೊಂದು ನಮಗೆ ಕುರುಡಾಗುತ್ತದೆ.

ಖಾತೆಯ ಕೊನೆಯ ಪುಟಗಳಲ್ಲಿ ಕೆಲವು ಶಬ್ದಗಳ ಎದುರಿಗೆ ಅರ್ಥವೂ ಇಲ್ಲ, ಹೆಸರೂ ಇಲ್ಲ. ‘ಕೇಳಬೇಕು’ ಎಂದಷ್ಟೇ ಇದೆ. ಅವುಗಳಲ್ಲಿ ಒಂದು ‘ಹಂತಿ’. ಯಾವುದೋ ಜನಪದ ಗೀತೆಗಳ ಸಂಗ್ರಹದಲ್ಲಿ ಅವರಿಗೆ ಆ ಶಬ್ದ ಎದುರಾಗಿರಬೇಕು. ‘ಉತ್ತರದ ಸೀಮೆಯ ಮಾತು. ಆ ಕಡೆಯವರು ಸಿಕ್ಕಿದರೆ ಕೇಳಬೇಕು’ ಎಂದು, ಮಂಜುಗಣ್ಣಿನ ಓರೆಕೋರೆ ಅಕ್ಷರಗಳಲ್ಲಿ ಬರೆದಿದ್ದಾರೆ. ಅರ್ಥವೇನೋ ನನಗೆ ಪುಸ್ತಕಗಳಿಂದ ತಿಳಿದಿತ್ತು. ಆದರೆ ಆ ಸಾಲನ್ನು ಪುಸ್ತಕದಿಂದ ತುಂಬಲು ಮನಸ್ಸು ಒಪ್ಪಲಿಲ್ಲ.

೨೦೨೩ರಲ್ಲಿ ವಿಜಯಪುರ ಜಿಲ್ಲೆಯ ಹುಡುಗನೊಬ್ಬ ನಮ್ಮ ಕಾಲೇಜಿಗೆ ಸೇರಿದ. ತರಗತಿಯಲ್ಲಿ ನಾನು ‘ಹಂತಿ ಎಂದರೆ ಯಾರಿಗಾದರೂ ಗೊತ್ತೇ?’ ಎಂದು ಕೇಳಿದಾಗ, ಅದುವರೆಗೆ ಹಿಂದಿನ ಬೆಂಚಿನಲ್ಲಿ ಮೌನವಾಗಿರುತ್ತಿದ್ದ ಅವನು ಎದ್ದು, ‘ನಮ್ಮ ಮುತ್ಯಾ ಹಂತಿ ಪದ ಹಾಡತಿದ್ರೀ ಸರ’ ಎಂದ. ಆ ಸಂಜೆ ಅವನ ದೂರವಾಣಿಯಲ್ಲಿ ಮುತ್ಯಾನೊಡನೆ ಮಾತನಾಡಿದೆ. ಜೋಳದ ತೆನೆ ಹರಡಿದ ಕಣದಲ್ಲಿ ಎತ್ತುಗಳನ್ನು ಸಾಲಾಗಿ ಒಂದಕ್ಕೊಂದು ಕಟ್ಟಿ ಮೇಟಿಯ ಸುತ್ತ ತಿರುಗಿಸುವುದೇ ಹಂತಿ. ರಾತ್ರಿಯೆಲ್ಲ ಹೊಡೆಯುವಾಗ ನಿದ್ದೆ ಬಾರದಿರಲೆಂದು ಹಾಡುವುದು ಹಂತಿ ಪದ. ‘ಮೇಟಿ ಬಾಜೂಕ ಮುದಿ ಎತ್ತ ಕಟ್ಟತಿದ್ವಿ, ಹೊರಗಿನ ತುದೀಗೆ ಹರೇದ ಹೋರಿ. ಮುದುಕಗ ಸಣ್ಣ ಸುತ್ತ, ಹರೇದವಗ ದೊಡ್ಡ ಸುತ್ತ. ಆದ್ರ ಹಗ್ಗ ಒಂದ’ ಎಂದರು ಮುತ್ಯಾ. ಇಷ್ಟು ನನ್ನ ಪುಸ್ತಕಗಳಲ್ಲಿ ಇರಲಿಲ್ಲ.

ಮನೆಗೆ ಬಂದು ಖಾತೆ ಪುಸ್ತಕವನ್ನು ಹಿಂದಿನಿಂದ ತೆರೆದು, ಟೀಚರಮ್ಮನ ಅಕ್ಷರಗಳ ಪಕ್ಕದಲ್ಲಿ ಅರ್ಥವನ್ನು ಬರೆದೆ. ‘ಕೊಟ್ಟವರು’ ಎಂಬಲ್ಲಿ ಮುತ್ಯಾನ ಹೆಸರನ್ನು ಬರೆದೆ, ದಿನಾಂಕ ಹಾಕಿದೆ.

‘ಕೇಳಬೇಕು’ ಎಂದಿರುವ ಶಬ್ದಗಳು ಇನ್ನೂ ಹದಿನೇಳು ಉಳಿದಿವೆ.